ಕ್ಯಾಮೆರಾ ಮಾವನ ಹೊಸ ಕ್ಯಾಮೆರಾ

ಬೀದಿಯವರಿಗೆಲ್ಲ ಅವರು ಕ್ಯಾಮೆರಾ ಮಾವ. ಮಕ್ಕಳಿಗೂ ಮಾವ, ಆ ಮಕ್ಕಳ ಅಪ್ಪಂದಿರಿಗೂ ಮಾವ. ಯಾಕೆಂದರೆ ಆ ಅಪ್ಪಂದಿರ ಮದುವೆಯ ವಿಡಿಯೊ ತೆಗೆದವರೂ ಅವರೇ. ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ ಅವರ ಸ್ಟುಡಿಯೊ. ಕಿಟಕಿಗೆ ಕಪ್ಪು ಬಟ್ಟೆ, ಗೋಡೆಯುದ್ದಕ್ಕೂ ಧೂಳು ತಿನ್ನುತ್ತ ಕೂತ ಕ್ಯಾಸೆಟ್ಟುಗಳು.

ಬೇರೆ ಕ್ಯಾಮೆರಾದವರು ಮದುವೆಮನೆಗೆ ಮೂರು ಕಾಲಿನ ಸ್ಟ್ಯಾಂಡ್ ಹೊತ್ತು ಬರುತ್ತಿದ್ದರು. ಮಾವನ ಹತ್ತಿರ ಸ್ಟ್ಯಾಂಡೇ ಇರಲಿಲ್ಲ. “ಸ್ಟ್ಯಾಂಡ್ ಯಾಕ್ರೀ? ಇದಿದ್ಯಲ್ಲ,” ಎಂದು ಬಲ ಹೆಗಲನ್ನು ತಟ್ಟಿ ತೋರಿಸುತ್ತಿದ್ದರು. ಟೇಪ್ ಹಾಕುವ ಆ ಹಳೆಯ ಕ್ಯಾಮೆರಾ ನಿದ್ದೆಹೋದ ಮಗುವಿನಷ್ಟು ಭಾರ. ಅದು ಕೂತು ಕೂತು ಬಲ ಹೆಗಲು ಒಂದಿಷ್ಟು ಇಳಿದೇಹೋಗಿತ್ತು. ಕೆಳಗಿನ ಟೈಲರ್ ಅಂಗಿಗೆ ಅಳತೆ ತೆಗೆಯುವಾಗೆಲ್ಲ, “ಈ ಕಡೆ ಬಟ್ಟೆ ಕಮ್ಮಿ ಸಾಕು ಮಾವ, ಉಳಿದಿದ್ರಲ್ಲಿ ನಂಗೊಂದು ಕರ್ಚೀಫ್ ಆಗುತ್ತೆ,” ಎಂದು ಛೇಡಿಸುತ್ತಿದ್ದ.

ಆದರೆ ಮಾವನ ಚಿತ್ರ ಅಲುಗಿದ್ದನ್ನು ಯಾರೂ ಕಂಡಿರಲಿಲ್ಲ. ನೂಕುನುಗ್ಗಲಿನಲ್ಲೂ ಅಲುಗುತ್ತಿರಲಿಲ್ಲ. ಚಿತ್ರ ಅಲುಗಿಸಿಕೊಂಡು ಬಂದು ಜನ ತಳ್ಳಿದರು, ನೆಲ ಜಾರುತ್ತಿತ್ತು ಎಂದು ನೆಪ ಹೇಳುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ,” ಎಂದು ಮುಖದ ಮೇಲೇ ಹೇಳಿಬಿಡುತ್ತಿದ್ದರು. ಬಾಯಿ ಸ್ವಲ್ಪ ಜೋರೇ. ಕೈ ಗಟ್ಟಿಯಿದ್ದವರ ಬಾಯಿ ಜೋರಿದ್ದರೆ ಲೋಕ ಸಹಿಸಿಕೊಳ್ಳುತ್ತದೆ.

ಕಾಲ ಬದಲಾಯಿತು. ಮದುವೆಗೆ ವಿಡಿಯೊ ಗೊತ್ತು ಮಾಡಲು ಬಂದವರು ಕೂರುವ ಮೊದಲೇ “ಎಚ್‌ಡಿ ಇದ್ಯಾ?” ಎಂದು ಕೇಳತೊಡಗಿದರು. ಹಾಗಂದರೇನೆಂದು ಕೇಳಿದವರಿಗೂ ಗೊತ್ತಿರಲಿಲ್ಲ, ಆದರೆ ಬೇಕೇ ಬೇಕು. ಟೇಪುಗಳು ಅಂಗಡಿಯಲ್ಲಿ ಸಿಗುವುದೂ ನಿಂತುಹೋಯಿತು. ಅಷ್ಟರಲ್ಲಿ ಮಾವನ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. “ಅಣ್ಣ, ನಿನ್ನ ಬಿಟ್ಟು ಬೇರೆ ಯಾರಾದ್ರೂ ವಿಡಿಯೊ ತೆಗೆದ್ರೆ ನಾನು ಮಂಟಪದ ಹತ್ರಾನೇ ಬರಲ್ಲ,” ಎಂದಳು ತಂಗಿ. ಮಾವ ಮಾರನೆಯ ದಿನವೇ ಹೋಗಿ ಹೊಸ ಕ್ಯಾಮೆರಾ ತಂದರು.

ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದು. “ಇದೇನು ಕ್ಯಾಮೆರಾನೋ ಸೋಪಿನ ಡಬ್ಬಿನೋ,” ಎಂದು ಗೊಣಗುತ್ತಲೇ ಟೀವಿಯ ಮುಂದೆ ಕೂತು ಬೀನ್ಸ್ ಹೆಚ್ಚುತ್ತಿದ್ದ ಹೆಂಡತಿಯತ್ತ ತಿರುಗಿಸಿ ಒಂದಿಷ್ಟು ತೆಗೆದರು. ಮಾವನ ಹೆಂಡತಿಯಾದ್ದರಿಂದ ಅವರು ಬೀದಿಗೆಲ್ಲ ಅತ್ತೆ. ಟೀವಿಗೆ ವೈರು ಸಿಕ್ಕಿಸಿ ನೋಡಿದರೆ, ಅಬ್ಬಾ! ಬೀನ್ಸಿನ ನಾರು ಕಾಣುತ್ತಿದೆ. ಚಾಕುವಿನ ಹಿಡಿಯ ಬಿರುಕು ಕಾಣುತ್ತಿದೆ. ಅತ್ತೆಯ ಕಿವಿಯ ಹಿಂದಿನ ಒಂದೊಂದು ನರೆಕೂದಲೂ ಬೇರೆಬೇರೆಯಾಗಿ ಕಾಣುತ್ತಿದೆ. ಮಾವ ಮಗುವಿನ ಹಾಗೆ ಬಾಯಿ ಬಿಟ್ಟುಕೊಂಡು ಕೂತರು. ಇಷ್ಟು ವರ್ಷ ತಾನು ಮಂಜುಗಣ್ಣಿನಲ್ಲಿ ಲೋಕ ನೋಡಿದೆನೇ ಅನ್ನಿಸಿತು.

“ನನ್ ಮುಖದಲ್ಲಿ ಇಷ್ಟೊಂದು ಗೆರೆ ಇದ್ಯೇನ್ರೀ? ಹಳೇ ಕ್ಯಾಮೆರಾನೇ ಮರ್ಯಾದಸ್ಥ ಕಣ್ರೀ, ಕಂಡಿದ್ದನ್ನೆಲ್ಲ ಹೇಳ್ತಿರ್ಲಿಲ್ಲ,” ಎಂದರು ಅತ್ತೆ.

ಮಾವ ನಕ್ಕರು. ನಗು ಪೂರ್ತಿ ಮುಗಿಯಲಿಲ್ಲ. ಚಿತ್ರ ನಡುಗುತ್ತಿತ್ತು. ಜೋರಾಗಿ ಅಲ್ಲ, ಲಾರಿ ಹಾದುಹೋದಾಗ ತಟ್ಟೆಯ ನೀರು ನಡುಗುವಷ್ಟು. ಚಾಕು, ಬೀನ್ಸು, ನರೆಕೂದಲು, ಎಲ್ಲವೂ ಸ್ಪಷ್ಟವಾಗಿ ನಡುಗುತ್ತಿದ್ದವು.

“ಪೀಸೇ ಸರಿಯಿಲ್ಲ,” ಎಂದರು ಮಾವ. ಅತ್ತೆ ಹೆಚ್ಚಿದ ಬೀನ್ಸ್ ತೆಗೆದುಕೊಂಡು ಒಳಗೆ ಹೋದರು.

ಮಾವ ಕ್ಯಾಮೆರಾವನ್ನು ಕೊಂಡಲ್ಲಿಗೇ ಒಯ್ದರು. ಅಂಗಡಿಯವನು ಅದನ್ನು ಮೇಜಿನ ಮೇಲಿಟ್ಟು ತೆಗೆದು ತೋರಿಸಿದ. ಚಿತ್ರ ಗೋಡೆಗೆ ಬರೆದಂತೆ ನಿಂತಿತ್ತು. ತನ್ನ ಕೈಯಲ್ಲಿ ಹಿಡಿದು ತೆಗೆದ, ಆಗಲೂ ನಿಂತಿತ್ತು. “ಹಗುರ ಅಲ್ವಾ ಸಾರ್, ಕೈ ಪಳಗಬೇಕು ಅಷ್ಟೆ,” ಎಂದ. ಕೈ ಪಳಗಬೇಕಂತೆ! ಈ ಕೈ! ಮಾವ ಕ್ಯಾಮೆರಾವನ್ನು ಚೀಲಕ್ಕೆ ತುರುಕಿ ತಿರುಗಿ ನೋಡದೆ ಬಂದುಬಿಟ್ಟರು.

ಆದರೆ ಆ ‘ಹಗುರ’ ಎಂಬ ಮಾತು ತಲೆಯಲ್ಲಿ ಕೂತಿತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ದೋಷ ಕೈಯಲ್ಲಲ್ಲ, ಕ್ಯಾಮೆರಾದಲ್ಲಿ ಭಾರ ಕಮ್ಮಿ! ಹೆಗಲ ಮೇಲಿಡಲು ಬಡಗಿಯಿಂದ ಮರದ ಪಟ್ಟಿಯೊಂದನ್ನು ಕೊಯ್ಯಿಸಿದರು. ಮುಂದಿನ ತುದಿಗೆ ಕ್ಯಾಮೆರಾ ಬಿಗಿದರು, ಹಿಂದಿನ ತುದಿಗೆ ಮರಳಿನ ಚೀಲ ಕಟ್ಟಿದರು. ಪ್ಯಾಂಟಿನ ದಪ್ಪ ಬಟ್ಟೆಯಲ್ಲಿ ಚೀಲ ಹೊಲಿದುಕೊಟ್ಟ ಟೈಲರ್, “ಹಗುರವಾಗ್ಲಿ ಅಂತ ಕಂಪನಿಯವರು ಒದ್ದಾಡ್ತಾರೆ, ನೀವು ಮರಳು ತುಂಬಿಸ್ತೀರಲ್ಲ ಮಾವ,” ಎಂದು ನಕ್ಕ. ಮಾವ ನಗಲಿಲ್ಲ. ಪಟ್ಟಿಯ ಭಾರ ಹೆಗಲಿಗೆ ಬಿದ್ದಾಗ ಚಿತ್ರ ಬಹುಮಟ್ಟಿಗೆ ನಿಂತಿತು. ಅವರಿಗೆ ಹೋದ ಜೀವ ಬಂದಂತಾಯಿತು.

ಮದುವೆಯ ದಿನ ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಹುಡುಗಿಯನ್ನು ಕಳಿಸಿಕೊಡುವ ಹೊತ್ತಿಗೆ ಜನ ಬಾಗಿಲಿಗೆ ಮುತ್ತಿದರು. ಮಾವ ಗಕ್ಕನೆ ತಿರುಗಿದಾಗ ಮರಳಿನ ಚೀಲ ಹಿಂದೆ ನಿಂತಿದ್ದ ಗಂಡಿನ ಚಿಕ್ಕಪ್ಪನ ಮೂಗಿಗೆ ಬಡಿಯಿತು. ಏನಾಯಿತೆಂದು ಹಿಂದೆ ತಿರುಗಿದರೆ ಕ್ಯಾಮೆರಾದ ಮುಂದೆ ಬೀಗರ ಮೂಗು! ಎಲ್ಲರೂ ಒಂದೇ ಸಲ ಬೈದರು. ಆ ಕಡೆ ತಂಗಿ ಮಗಳನ್ನು ತಬ್ಬಿಕೊಂಡೂ ಆಗಿತ್ತು. ಇದೊಂದು ತಪ್ಪಿದರೆ ಇಡೀ ಮದುವೆ ತಪ್ಪಿದ ಹಾಗೆ. ಮಾವ ಪಟ್ಟಿ ಬಿಚ್ಚಿ ಬಿಸಾಡಿ, ಕ್ಯಾಮೆರಾವನ್ನು ಬರಿಗೈಯಲ್ಲಿ ಹಿಡಿದು, ಹಳೆಯ ರೂಢಿಯಂತೆ ಜೂಮ್ ಮಾಡಿ ಇಬ್ಬರ ಮುಖವನ್ನೂ ಹತ್ತಿರಕ್ಕೆ ಎಳೆದರು.

ಆ ವಿಡಿಯೊ ನೋಡಲು ತಂಗಿಯ ಮನೆಯಲ್ಲಿ ಎಲ್ಲರೂ ಸೇರಿದರು. ಹೊಸ ಟೀವಿ, ಬಾಗಿಲಿನಷ್ಟು ಅಗಲ. ಗಂಡಿನ ಚಿಕ್ಕಪ್ಪನ ಮೂಗು ಬಂದಾಗ ಎಲ್ಲರೂ ಬಿದ್ದುಬಿದ್ದು ನಕ್ಕರು. ಆಮೇಲೆ ತಾಯಿ ಮಗಳು ಬಂದರು. ತಂಗಿಯ ರೆಪ್ಪೆಗೆ ಅಂಟಿದ ಹನಿ ಕಾಣುತ್ತಿತ್ತು, ಆ ಹನಿಯೊಳಗೆ ದೀಪ ಕಾಣುತ್ತಿತ್ತು. ಮಾವ ಬದುಕಿನಲ್ಲಿ ಅಷ್ಟು ಚೆಂದದ ಚಿತ್ರ ತೆಗೆದಿರಲಿಲ್ಲ. ಅದು ಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಯಾರೋ ಕಣ್ಣು ಉಜ್ಜಿಕೊಂಡರು.

“ಮಾವ ಅಳ್ತಾ ಇದ್ರು ಅಮ್ಮ, ಅದಕ್ಕೇ ಕೈ ನಡುಗಿದೆ,” ಎಂದಳು ಮದುಮಗಳು.

“ಹೌದಮ್ಮ, ತಡ್ಕೊಳಕ್ಕಾಗ್ಲಿಲ್ಲ,” ಎಂದರು ಮಾವ. ತಂಗಿ ಎದ್ದು ಬಂದು ಅಣ್ಣನ ಕೈ ಹಿಡಿದುಕೊಂಡು ಗೊಳೋ ಎಂದಳು. ಮಾವ ಅವತ್ತು ಅತ್ತಿರಲಿಲ್ಲ. ಕ್ಯಾಮೆರಾ ಹಿಡಿದಾಗ ಅವರು ಅಳುವವರೇ ಅಲ್ಲ. ಆ ಸುಳ್ಳನ್ನು ಹೇಳುವಾಗ ಅವರಿಗೆ ನಿಜವಾಗಿಯೂ ಅಳು ಬಂತು.

ಮನೆಗೆ ಬಂದವರೇ ಕ್ಯಾಮೆರಾವನ್ನು ಮಂಚದ ಮೇಲೆ ಎಸೆದರು. “ನಾಳೆನೇ ವಾಪಸ್ ಕೊಟ್ಟು ಬರ್ತೀನಿ. ದರಿದ್ರದ್ದು,” ಎಂದರು. ಅತ್ತೆ ಚಹಾ ಮಾಡಿ ತಂದುಕೊಟ್ಟರು.

“ಇದೇನು, ಅರ್ಧ ಲೋಟ? ಹಾಲು ಮುಗೀತಾ?”

ಅತ್ತೆ ಮಂಚದ ಮೇಲಿದ್ದ ಕ್ಯಾಮೆರಾವನ್ನು ಎತ್ತಿ ಬದಿಗಿಟ್ಟರು. ಮಾವ ಮತ್ತೆ ಕೇಳಿದರು.

“ಹೋದ ವರ್ಷದಿಂದ ಅರ್ಧಾನೇ ಕೊಡ್ತಿದ್ದೀನಿ ಕಣ್ರೀ,” ಎಂದರು ಅತ್ತೆ. “ತುಂಬ ಕೊಟ್ರೆ ಚೆಲ್ಲುತ್ತೆ.”

ಮಾವ ಲೋಟ ನೋಡಿದರು. ಕೈ ನೋಡಿದರು. ಹೆಂಡತಿಯ ಮೇಲೆ ಬರಬೇಕಾದ ಸಿಟ್ಟು ಎಲ್ಲಿ ಹೋಯಿತೋ, ಬರಲೇ ಇಲ್ಲ.

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ನೀನು?”

“ಮೆಡಿಕಲ್ ಅಂಗಡಿಯವರನ್ನ ಕೇಳ್ದೆ. ಡಾಕ್ಟ್ರಿಗೆ ತೋರಿಸಿ ಅಂದ್ರು. ನಿಮ್ಮ ಹತ್ರ ಹೇಳೋಕೆ ಬಾಯೇ ಬರ್ಲಿಲ್ಲ. ಆ ಭಾರದ್ದು ಹೆಗಲ ಮೇಲಿದ್ದಾಗ ನಡುಗ್ತಿರ್ಲಿಲ್ಲವಲ್ಲ. ಇರೋವಷ್ಟು ದಿನ ನಡೀಲಿ ಅಂತ ಸುಮ್ನಿದ್ದೆ.” ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. “ಹೇಳಿದ್ರೆ ಏನ್ ಮಾಡ್ತಿದ್ರಿ, ಹೇಳಿ? ನಿಮಗೆ ಬೇರೆ ಏನ್ ಬರುತ್ತೆ?”

ಮಾವನಿಗೆ ಬೇರೆ ಏನೂ ಬರುತ್ತಿರಲಿಲ್ಲ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅತ್ತೆ ತೆಗೆದುಕೊಟ್ಟರು. ಆ ಕಡೆಯವರದು ಮಗನ ಮದುವೆಯಂತೆ. ಮಾವನೇ ಬರಬೇಕಂತೆ, ಅವರ ಮದುವೆಗೂ ಮಾವನೇ ಅಲ್ಲವೇ ತೆಗೆದದ್ದು.

“ಈಗ ಎಚ್‌ಡಿ ಇದ್ಯಂತಲ್ಲ ಮಾವ, ಎಲ್ಲ ಕ್ಲಿಯರ್ ಆಗಿ ಕಾಣುತ್ತಂತೆ?”

“ಹೌದಪ್ಪ,” ಎಂದರು ಮಾವ. “ಎಲ್ಲ ಕಾಣುತ್ತೆ.”

ಬರುತ್ತೇನೆ ಎನ್ನಲು ಆಗಲಿಲ್ಲ, ಬರುವುದಿಲ್ಲ ಎನ್ನಲೂ ಆಗಲಿಲ್ಲ. ಆ ಕಡೆಯಿಂದ ಹಲೋ ಹಲೋ ಎನ್ನುತ್ತಲೇ ಇದ್ದರು. ಮಾವ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದುಕೊಂಡು ಹೆಂಡತಿಯ ಮುಖ ನೋಡುತ್ತ ಕೂತರು.