ಗರಗದ ಥಂಡಿ, ಅಜ್ಜಿ ಮಡಿ

ಡಿಸೆಂಬರದ ನಾತಾಳ ಸೂಟ್ಯಾಗ ನಾವು ಗರಗಕ್ಕ ಹೋದಾಗ ನನಗ ಹನ್ನೆರಡು ವರ್ಷ. ಅಪ್ಪ ಧಾರವಾಡದಾಗ ಸಾಲಿ ಮಾಸ್ತರ, ಅಜ್ಜಿನೂ ಅಲ್ಲೇ ನಮ್ಮ ಜೋಡಿ. ಊರಾಗ ಕಾಕಾ ಹೊಲಾ ನೋಡಕೋತಿದ್ದ. ಕಾಕೂ ಹಡೀಲಿಕ್ಕೆ ತವರಿಗೆ ಹೋಗಿದ್ಲು, ಹಿಂಗಾಗಿ ಮನ್ಯಾಗ ಕಾಕಾ ಒಬ್ಬನ. "ಎಲ್ಲಾರೂ ಬರ್ರಿ, ಸೀತನಿ ತಿನ್ನೂಣು" ಅಂತ ಹೇಳಿ ಕಳಿಸಿದ್ದ. ಎಳೀ ಜ್ವಾಳದ ತೆನಿ ಸುಟ್ಟು, ಅಂಗೈಯಾಗ ತಿಕ್ಕಿ ಬಿಸಿಬಿಸಿ ತಿನ್ನೂ ಆಶಾಕ್ಕ ನಾ ಚಕ್ಕಡಿ ಒಳಗ ಒಂದ ಕಡೆ ಕೂಡಲಿಲ್ಲ.

ಅವ್ವಗ ಮಾತ್ರ ಬರೂ ಮನಸ್ಸಿದ್ದಿಲ್ಲ. ತಮ್ಮಗ ಆಗ ಮೂರು ವರ್ಷ. ದಸರಾ ಮುಂದ ಅವನ ಎದಿ ಕಟ್ಟಿ, ಉಸುರಾಡಲಿಕ್ಕೆ ಬರಲಾರದಂಗಾಗಿ, ಹೆಂಗೋ ಉಳದಿದ್ದ. "ಥಂಡಿ ತಾಗಸಬ್ಯಾಡ್ರಿ. ಇನ್ನೊಮ್ಮೆ ಹಿಂಗಾದ್ರ ನನ್ನ ಕೈಯಾಗಿಲ್ಲ" ಅಂತ ಡಾಕ್ಟರು ಸಾಫ್ ಹೇಳಿದ್ರು. ಅವ್ವ ಅವಗ ಎರಡೆರಡು ಅಂಗಿ ಹಾಕಿ, ತಲಿಗೆ ಕುಂಚಗಿ ಕಟ್ಟಿ, ಕುಂಚಗ್ಯಾಗಿಂದ ಬರೇ ಮೂಗು ಕಾಣೂಹಂಗ ಮಾಡಿ ಕರಕೊಂಡು ಬಂದಿದ್ಲು.

ನಾವು ಬಂದ ರಾತ್ರಿನ ಮೂಡಗಾಳಿ ಸುರು ಆತು. ಅಂಥಾ ಥಂಡಿ ಆ ಕಡೆ ಯಾರೂ ಕಂಡಿದ್ದಿಲ್ಲ. ಮುಂಜಾನೆ ಕೊಬ್ಬರಿಎಣ್ಣಿ ಬಟ್ಟಲದಾಗ ಕಲ್ಲಾಗಿತ್ತು. ದನಾ ಒಂದಕ್ಕೊಂದು ಒತ್ತಿ ನಿಂತಿದ್ದೂ.

"ಏನಣ್ಣಾ, ಧಾರವಾಡದಿಂದ ಥಂಡಿನೂ ಗಂಟು ಕಟಗೊಂಡು ಬಂದಿಯೇನು?" ಅಂದ ಕಾಕಾ.

"ನೀ ಕರದಿದ್ದಕ್ಕ ಬಂದೇವಪಾ" ಅಂದ ಅಪ್ಪ, ಕಂಬಳಿ ಒಳಗಿಂದನ.

ಅಜ್ಜಿ ಮಾತ್ರ ಎಂದಿನಂಗ ತಣ್ಣೀರು ಸುರಕೊಂಡು ಮಡೀಲೆ ಒಲಿ ಮುಂದ ಕೂತಿದ್ಲು. ಥಂಡ್ಯಾಗ ಮಡಿಗೆ ಉಡೂ ಉಣ್ಣಿ ಧಾಬಳಿ ಧಾರವಾಡದಾಗ ಉಳದಿತ್ತು. ಹಿಂಥಾ ಥಂಡಿ ಬೀಳತದಂತ ಯಾರಿಗೆ ಗೊತ್ತು? ಗಳದ ಮ್ಯಾಲೆ ಹಾಕಿದ ಸೀರಿ ರಾತ್ರಿ ಮಂಜಿಗೆ ಒಣಗಿದ್ದಿಲ್ಲ. ಹಸೀದನ್ನ ಉಟಗೊಂಡಿದ್ಲು. ಮಡಿ ಕಾನೂನು ಹಂಗ ನೋಡ್ರಿ, ಮೈಲಿಗಿ ಅರಬಿ ಹಾಕ್ಕೊಂಡವರು ಮುಟ್ಟಿದ್ರ ಹೋಗತದ, ಬರೇಮೈ ಕೂಸು ಮುಟ್ಟಿದ್ರ ಏನೂ ಆಗೂದಿಲ್ಲ.

ನಮ್ಮ ತಮ್ಮಗ ಅದು ಬರೋಬ್ಬರಿ ಗೊತ್ತಿತ್ತು. ಎದ್ದವನ ಕುಂಚಗಿ ಕಿತ್ತೊಗದ, ಅಂಗಿ ಒಗದ, ಅಂಗಳಾ ದಾಟಿ ಓಡಿ ಅಜ್ಜಿ ತೊಡಿ ಮ್ಯಾಲೆ ಏರಿ ಕೂತ. ಹಸೀ ಸೀರಿ ಮ್ಯಾಲೆ, ಬರೇಮೈಲೆ. ಅವಗ ಅಜ್ಜಿ ಕೈಯಾಗಿಂದ ತಿಂದ್ರನ ಊಟ.

ಅವ್ವ ಅಡಗಿಮನಿ ಬಾಗಲದಾಗ ನಿಂತು, "ಅತ್ತಿ, ಅವಗ ಥಂಡಿ…" ಅಂದ್ಲು.

"ಒಲಿ ಮುಂದ ಎಲ್ಲಿ ಥಂಡೀನ? ನನ್ನ ಮಕ್ಕಳೆಲ್ಲಾ ಹಿಂಗ ಬೆಳದಾವ."

ಅವ್ವ ಅಪ್ಪನ ಮಾರಿ ನೋಡಿದ್ಲು. ಅಪ್ಪ ತಲಿ ಎತ್ತಿ ಛತ್ತ ನೋಡಿದ.

ಮಧ್ಯಾಹ್ನ ಹೊಲಕ್ಕ ಹೋಗಿ ಸೀತನಿ ತಿಂದ್ವಿ. ನನಗ ರುಚಿ ಹತ್ತಲಿಲ್ಲ, ಯಾಕಂದ್ರ ತಮ್ಮ ಒಂದೂ ಕಾಳು ಬಾಯಾಗ ಹಾಕ್ಕೊಳ್ಳಲಿಲ್ಲ. ಅವ್ವ ಘಳಿಗ್ಗೊಮ್ಮೆ ಅವನ ಬೆನ್ನಿಗೆ ಕಿವಿ ಹಚ್ಚತಿದ್ಲು. ಸಂಜಿಗೆ ಕೆಮ್ಮು ಸುರು. ಮರದಿನ ಬೆಳಕ ಹರಿಯೂದ್ರಾಗ ಮೈ ಕಾದ ಹಂಚಿನಂಗ, ಎದ್ಯಾಗ ಸುಂಯ್ ಸುಂಯ್ ಸಪ್ಪಳ. ದಸರಾದಾಗ ಕೇಳಿದ್ದ ಅದ ಸಪ್ಪಳ. ನನಗೂ ಗುರತು ಹತ್ತಿತು.

ಕಾಕಾ ಡಾಕ್ಟರನ ಕರಕೊಂಡು ಬರತೇನಿ ಅಂತ ಧಾರವಾಡಕ್ಕ ಚಕ್ಕಡಿ ಹೊಡದ. ಅಂವ ಬರೂದಂದ್ರ ಸಂಜಿನ. ಅಜ್ಜಿ ಶುಂಠಿ-ತುಳಸಿ ಕಷಾಯಾ ಮಾಡಿದ್ಲು. ಅವ್ವ ಕುಡಸಲಿಕ್ಕೆ ಹೋದ್ರ ತಮ್ಮ ಹಲ್ಲು ಕಚ್ಚಿ, "ಅಜ್ಜಿ ಬೇಕು" ಅಂತ ಅಳಲಿಕ್ಕೆ ಹತ್ತಿದ. ಅತ್ತಷ್ಟೂ ಉಸುರು ಸಿಗವಲ್ತು.

ಅಜ್ಜಿ ಹೊಸ್ತಲದ ಆಚೆ ನಿಂತು, "ಅರಬಿ ಬಿಚ್ಚಿ ಇತ್ತಾಗ ಕೊಡು. ನಾ ಕುಡಸ್ತೇನಿ" ಅಂದ್ಲು.

ಅವ್ವ ಅವನ್ನ ಕಂಬಳಿ ಸುದ್ದಾ ಅವಚಿ ಹಿಡಕೊಂಡ್ಲು. "ಇಲ್ರಿ ಅತ್ತಿ. ಬಿಚ್ಚೂದಿಲ್ಲ."

ಅವ್ವ ಅಜ್ಜಿಗೆ ಇಲ್ಲಾ ಅಂದದ್ದು ನಾ ಅವತ್ತ ಮೊದಲ ಕೇಳಿದ್ದು. ಅಪ್ಪ ಎದ್ದು ನಿಂತ, ಮತ್ತ ಕೂತ.

ಅಜ್ಜಿ ಹೊಸ್ತಲಾ ದಾಟಿ ಒಳಗ ಬಂದು, ಹಸೀ ಸೀರಿ ಮ್ಯಾಲೆ ನಮ್ಮ ಹಾಸಿಗ್ಯಾಗಿನ ಕೌದಿ ಹೊಚಗೊಂಡು ಕೂತು, ಕೈ ಚಾಚಿದ್ಲು. ಕುಂಚಗಿ, ಅಂಗಿ, ಕಂಬಳಿ ಎಲ್ಲಾ ಸುದ್ದಾ ತಮ್ಮನ್ನ ತೊಡಿ ಮ್ಯಾಲೆ ಹಾಕ್ಕೊಂಡ್ಲು. ಅಂವ ಗಟಗಟ ಕುಡದ.

"ನನ್ನ ಮಡಿ ಹೋತು" ಅಂದ್ಲು ಅವ್ವಗ. "ದೇವರ ನೈವೇದ್ಯ ಆಗಬೇಕಲ್ಲಾ. ನೀ ಹೋಗು, ಸ್ನಾನಾ ಮಾಡು."

ಅವ್ವ ಹೋದ್ಲು. ಹಿತ್ತಲದಾಗ ತಣ್ಣೀರು ಸುರಕೊಳ್ಳೂ ಸಪ್ಪಳಕ್ಕ ನಾ ನಡಗಿದೆ. ಆಮ್ಯಾಲೆ ಒಲಿ ಮುಂದ ಅಕಿ ಹಲ್ಲು ಕಟಕಟ ಅನ್ನೂದು ನಮಗ ಕೇಳತಿತ್ತು. ಸಾರಿಗೆ ಬ್ಯಾಳಿ ಹಾಕೂದು ಬಿಟ್ಟು ಘಳಿಗ್ಗೊಮ್ಮೆ ಎದ್ದು ಬಾಗಲಕ್ಕ ಬರತಿದ್ಲು. ಈಗ ಮಡ್ಯಾಗಿದ್ದು ಅವನ್ನ ಮುಟ್ಟಲಾರದಾಕಿ ಅಕಿನ.

"ಹ್ಯಾಂಗದಾನ್ರಿ?"

"ಮಲಗ್ಯಾನ."

ಮತ್ತ ಬಂದ್ಲು. "ಉಸುರು ಹ್ಯಾಂಗದರಿ? ಸಪ್ಪಳ ಅದನೋ, ಕಡಿಮಿ ಆಗೇದೋ?"

ಅಜ್ಜಿ ತಮ್ಮನ ಕುಂಚಗಿ ಸಡಲ ಮಾಡಿ, ಕುತಗಿಗೆ ಕೈ ಹಚ್ಚಿ, ಕೈ ತಿರಿವಿ ತೋರಿಸಿದ್ಲು. ಹಸಿ ಆಗಿತ್ತು. "ಬೆವರು ಬಿಟ್ಟದ. ನನಗ ಕೇಳತೀಯಲಾ, ಬಂದು ನೀನ ಮುಟ್ಟಿ ನೋಡು."

ಅವ್ವ ಹೊರಳಿ ಒಲಿ ಕಡೆ, ಇನ್ನೂ ಆಗಲಾರದ ನೈವೇದ್ಯದ ಕಡೆ ನೋಡಿದ್ಲು. ಅಜ್ಜಿನೂ ನೋಡಿದ್ಲು. ಆಮ್ಯಾಲೆ ಅವ್ವ ಸೆರಗಿಗೆ ಕೈ ಒರಸಗೊಂಡು ಒಳಗ ಬಂದು, ತಮ್ಮನ ಎದಿ ಮ್ಯಾಲೆ ತಲಿ ಇಟ್ಟು ಕೇಳಲಿಕ್ಕೆ ಹತ್ತಿದ್ಲು. ಅಡಗಿಮನ್ಯಾಗ ಸಾರು ಉಕ್ಕಿ ಒಲ್ಯಾಗ ಬಿದ್ದು ಚುಂಯ್ ಅಂತು. ಯಾರೂ ಏಳಲಿಲ್ಲ.