ಲಾಲಿಯನ್ನು ಕರೆದರೆ ಗುಳಿಗೆ ಇಳಿದಂತೆ

ಇನ್ನೂ ಮುಖ ಕಾಣುವಷ್ಟು ಬೆಳಕಾಗಿಲ್ಲ. ಚಿಕ್ಕರಸಿನಕೆರೆಯಿಂದಾಚೆ, ನಾಲೆ ಏರಿಯ ಕೆಳಗಿನ ಕೊಪ್ಪಲಿನಲ್ಲಿ ಒಂದು ಜಟಕಾ ನಿಂತಿದೆ. ಫಕ್ರುದ್ದೀನ್ ಸಾಬರು ಕೆಳಗಿಳಿದು, ಸೀಟಿನಡಿಯಿಂದ ತಗಡಿನ ಡಬ್ಬ ಎಳೆದು, ಕೈ ತೊಳೆದು, ಕಂಬಳಿ ಹೊದ್ದು ಕೂತಿರುವ ಮುದ್ದಯ್ಯನಿಗೆ ಬಾಯಿ ತೆಗೆ ಅನ್ನುತ್ತಾರೆ. ಚಳಿಜ್ವರಕ್ಕೆ ಕೊಡುವ ಎರಡು ಕೊಯಿನಾ ಗುಳಿಗೆ ನಾಲಿಗೆಯ ಮೇಲೆ ಬೀಳುತ್ತವೆ. ಮುದ್ದಯ್ಯ ಒಂದು ಚೆಂಬು ನೀರು ಕುಡಿದು ಮುಖ ಕಿವುಚುತ್ತಾನೆ.

"ಎಲ್ಲಿ, ಲಾಲೀನ ಕರಿ," ಅನ್ನುತ್ತಾರೆ ಸಾಬರು.

ಮುದ್ದಯ್ಯನ ಬಾಯಿಂದ ಏನೋ ಒಂದು ಗೊಗ್ಗರು ಸದ್ದು ಬರುತ್ತದೆ. ಜಟಕಾದ ಕೆಂಚು ಕುದುರೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. "ನುಂಗಿಲ್ಲ ಕಣ್ಲಾ ನೀನು. ನಾಲ್ಗೆ ಕೆಳಗೆ ಮಡಿಕಂಡಿದ್ದೀಯ." ಇನ್ನೊಂದು ಚೆಂಬು ನೀರು ಇಳಿಯುತ್ತದೆ. ಈ ಸಲ ಮುದ್ದಯ್ಯ ಕೊಪ್ಪಲಿಗೆಲ್ಲ ಕೇಳುವ ಹಾಗೆ ಲಾಲೀ ಅಂತ ಕೂಗುತ್ತಾನೆ, ಕುದುರೆ ತಟ್ಟನೆ ತಲೆ ತಿರುಗಿಸುತ್ತದೆ. ಮುದ್ದಯ್ಯನಿಗೆ ಒಂದು ಚೂರು ಬೆಲ್ಲ, ಸಾಬರ ಎಡಗೈಗೆ ಅಂಟಿದ ಪುಡಿ ಕುದುರೆಗೆ.

ಗುಳಿಗೆ ಬಾಯಲ್ಲಿಟ್ಟುಕೊಂಡು ಯಾರೂ ಲಾಲಿ ಅನ್ನಲಾರರು. ಹಾಗೆ ಅನ್ನಬೇಕಾದರೆ ನಾಲಿಗೆ ಮೇಲೇಳಲೇಬೇಕು, ಮೇಲೆದ್ದರೆ ಕದ್ದಿಟ್ಟ ಗುಳಿಗೆ ಹೊರಬೀಳಲೇಬೇಕು. ಯಾವ ಡಾಕ್ಟರೂ ಕಲಿಸದ ಈ ಪರೀಕ್ಷೆಯನ್ನು ಸಾಬರು ಕಲಿತದ್ದು ಹೊಟ್ಟೆ ಉರಿದು. ಐದು ವರ್ಷದ ಕೆಳಗೆ ಅವರ ಏಳು ವರ್ಷದ ಮಗಳು ಜೈನಾಬ್ ಚಳಿಜ್ವರದಲ್ಲಿ ತೀರಿಕೊಂಡಳು. ಆಸ್ಪತ್ರೆಯಿಂದ ತಂದ ಗುಳಿಗೆಗಳನ್ನು ದಿನಾ ನುಂಗುತ್ತಿದ್ದಾಳೆ ಅಂತಲೇ ಮನೆಯವರೆಲ್ಲ ನಂಬಿದ್ದರು. ಹುಡುಗಿ ಹೋದ ಹತ್ತನೇ ದಿನ ಸಾಬರು ಲಾಯ ಗುಡಿಸುವಾಗ ಹುಲ್ಲಿನಡಿ ಹನ್ನೊಂದು ಗುಳಿಗೆ ಸಿಕ್ಕವು. ಕಹಿ ತಾಳಲಾರದೆ ಉಗುಳಿ ಬಚ್ಚಿಟ್ಟಿದ್ದಳು. ಕುದುರೆಗೆ ಲಾಲಿ ಅಂತ ಹೆಸರಿಟ್ಟವಳೂ ಅವಳೇ.

ಫಕ್ರುದ್ದೀನ್ ಮದ್ದೂರಿನ ರೈಲ್ವೆ ಸ್ಟೇಷನ್ ಮುಂದೆ ಜಟಕಾ ಹೊಡೆಯುವವರು. ವಯಸ್ಸು ಐವತ್ತಕ್ಕೆ ಹತ್ತಿರ. ಓದು ಬರಹ ಇಲ್ಲ. ಅವರ ಜಟಕಾಕ್ಕೂ ಈ ಡಬ್ಬಕ್ಕೂ ಗಂಟು ಬಿದ್ದದ್ದು ಎರಡು ವರ್ಷದ ಹಿಂದೆ, ಊರಿನ ದೊಡ್ಡ ಮನುಷ್ಯರೆಲ್ಲ ಸೇರಿ ಕಟ್ಟಿಕೊಂಡಿರುವ ಜನಸೇವಾ ಕೂಟದ ದೆಸೆಯಿಂದ.

ಕೂಟದ ವಿಷಯ ಹೇಳಲೇಬೇಕು. ಪ್ರತಿ ಗುರುವಾರ ಸಂಜೆ ಒಂದು ಮಹಡಿಯ ಮೇಲೆ ಸಭೆ. ಹೊರಗಿನಿಂದ ಒಬ್ಬರು ಅತಿಥಿ, ಅವರಿಗೊಂದು ಹಾರ, ಒಂದು ಗಂಟೆ ಭಾಷಣ, ಕಾಫಿ, ವಂದನಾರ್ಪಣೆ. ಒಂದು ವಾರ ಸೀಮೆಕೋಳಿ ಸಾಕಣೆ, ಒಂದು ವಾರ ದಂತರಕ್ಷಣೆ, ಒಂದು ವಾರ ಜಪಾನಿನ ಯುದ್ಧನೀತಿ. ಇಷ್ಟರ ನಡುವೆ ಯಾರಿಗೋ ಹಳ್ಳಿಗಳ ನೆನಪಾಯಿತು. ನಾಲೆ ಬಂದು ಗದ್ದೆಯಾಯಿತು, ಗದ್ದೆಯ ಹಿಂದೆಯೇ ಸೊಳ್ಳೆ ಬಂತು, ಕೊಪ್ಪಲಿನ ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆಯಿತು. ಕೂಟ ಕೊಯಿನಾ ಹಂಚುತ್ತದೆ ಅಂತ ತೀರ್ಮಾನವಾಯಿತು.

ಮೊದಲ ಶುಕ್ರವಾರ ನಾಲ್ಕು ಜನ ಸದಸ್ಯರು ಜಟಕಾ ಹತ್ತಿದರು. ಪ್ರಸಾದ ಕೊಟ್ಟ ಹಾಗೆ ಕೈಗೊಂದು ಹಿಡಿ ಗುಳಿಗೆ ಕೊಟ್ಟು, ನಾಲ್ಕು ಬುದ್ಧಿಮಾತು ಹೇಳಿ ಬಂದರು. ಜನ ಏನು ಮಾಡಿಯಾರು? ಸೆರಗಿನ ತುದಿಗೆ ಕಟ್ಟಿಕೊಂಡರು, ಜ್ವರ ಬಂದಾಗ ನೋಡಿಕೊಳ್ಳೋಣ ಅಂತ ಗೂಡಿನಲ್ಲಿಟ್ಟರು, ನಾಲಿಗೆಗೆ ಮುಟ್ಟಿಸಿ ನೋಡಿದವರು ತಿಪ್ಪೆಗೆ ಎಸೆದರು. ಮೂರನೇ ವಾರ ಇಬ್ಬರೇ ಬಂದರು. ಐದನೇ ವಾರ ಡಬ್ಬ ಒಂದೇ ಬಂತು. ಮಹನೀಯರ ಉತ್ಸಾಹ ಅಲ್ಲಿಗೆ ಮುಗಿಯಿತು.

ಅಂದಿನಿಂದ ಗುರುವಾರ ವಂದನಾರ್ಪಣೆ ಮುಗಿಯುವ ತನಕ ಸಾಬರು ಮಹಡಿಯ ಮೆಟ್ಟಿಲ ಬುಡದಲ್ಲಿ ಕಾಯುತ್ತಾರೆ. ಮೇಲಿನಿಂದ ಯಾರೋ "ಏಯ್ ಜಟಕಾ" ಅಂತ ಕೂಗಿ ಡಬ್ಬ ಇಳಿಸುತ್ತಾರೆ. ಮನೆಯಲ್ಲಿ ಹೆಂಡತಿ ನೂರುನ್ನೀಸಾ ಬೆಲ್ಲದ ಅಚ್ಚು ಕುಟ್ಟಿ ಬಟ್ಟೆಯಲ್ಲಿ ಗಂಟು ಕಟ್ಟಿರುತ್ತಾರೆ. ಐದು ಕೊಪ್ಪಲು, ನೂರ ಅರವತ್ತು ಮನೆ, ಹೋಗಿ ಬರಲು ಹದಿನೆಂಟು ಮೈಲಿ. ದೊಡ್ಡವರಿಗೆ ಎರಡು, ಮಕ್ಕಳಿಗೆ ಅರ್ಧ ಅಂತ ಕಾಂಪೌಂಡರು ಹೇಳಿಕೊಟ್ಟ ಲೆಕ್ಕ ತಪ್ಪಿದ್ದಿಲ್ಲ. ಮಧ್ಯಾಹ್ನದ ನಮಾಜಿಗೆ ಮದ್ದೂರು ಸೇರಿರುತ್ತಾರೆ. ಕೂಟದ ವಾರ್ಷಿಕ ವರದಿಯಲ್ಲಿ ಇದೆಲ್ಲ ಇದೆ, ಸುಂದರವಾಗಿ ಅಚ್ಚಾಗಿದೆ. "ನಮ್ಮ ಸದಸ್ಯರು ಮಳೆ ಚಳಿಯೆನ್ನದೆ" ಅಂತ ಶುರುವಾಗುತ್ತದೆ. ಜಟಕಾ ಎಂಬ ಪದ ಹುಡುಕಿದರೂ ಇಲ್ಲ. ಹಾಗೆ ಬರೆಯಲು ಕೈ ಹೇಗೆ ಬಂತೋ.

ಅದನ್ನು ಸಾಬರೇ ಮನಸ್ಸಿಗೆ ಹಚ್ಚಿಕೊಂಡವರಲ್ಲ. ಅವರಿಗೆ ಸಿಟ್ಟು ಬಂದದ್ದು ಹೋದ ತಿಂಗಳು.

ಯುದ್ಧದ ದೆಸೆಯಿಂದ ಕೊಯಿನಾ ಸಿಗುವುದೇ ದುಸ್ತರವಾಗಿರುವಾಗ ಕೂಟಕ್ಕೆ ಹೇಗೋ ಒಂದು ಹೊಸ ಡಬ್ಬ ಬಂತು. ಹಳೆಯದು ತಳ ಕಂಡಿತ್ತು. ಗುರುವಾರ ಸಾಬರು ಹೋಗಿ ನಿಂತರೆ, ಡಬ್ಬ ಬೀರುವಿನೊಳಗೆ ಬೀಗದಲ್ಲಿದೆ. ಬೆಂಗಳೂರಿನಿಂದ ಒಬ್ಬ ನಿವೃತ್ತ ಅಧಿಕಾರಿಗಳು ಅತಿಥಿಗಳಾಗಿ ಬರುತ್ತಾರಂತೆ, ಮೊಹರನ್ನು ಅವರ ಕೈಯಿಂದಲೇ ಒಡೆಸಬೇಕಂತೆ, ಫೋಟೋದವನಿಗೂ ಹೇಳಿಯಾಗಿದೆಯಂತೆ. ಸಾಬರು ಕೈಮುಗಿದರು. ಅರ್ಧ ಡಬ್ಬವಾದರೂ ಕೊಡಿ ಅಂದರು. ಮೊಹರು ಒಡೆದ ಡಬ್ಬವನ್ನು ಅತಿಥಿಗಳ ಮುಂದೆ ಇಡುವುದು ಹೇಗಯ್ಯ, ನಿನಗೆ ಅಷ್ಟೂ ತಿಳಿಯುವುದಿಲ್ಲವೇ ಅಂತ ಕಾರ್ಯದರ್ಶಿಗಳು ಗದರಿಕೊಂಡರು. ಅತಿಥಿಗಳಿಗೆ ಆ ವಾರ ಬಿಡುವಾಗಲಿಲ್ಲ. ಮುಂದಿನ ವಾರವೂ ಆಗಲಿಲ್ಲ. ಹೀಗೆ ಮೂರು ಶುಕ್ರವಾರ ಖಾಲಿ ಹೋದವು.

ಎರಡನೇ ಶುಕ್ರವಾರ ಸಾಬರು ಬರಿಗೈಯಲ್ಲೇ ಕೊಪ್ಪಲಿಗೆ ಹೋಗಿದ್ದರು, ನೋಡದೆ ಇರಲಾರದೆ. ನಾಲೆಯ ಹೂಳೆತ್ತುವ ಅಂಕಯ್ಯ ನಾಲ್ಕು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ. ಮೂವತ್ತರ ಗಟ್ಟಿ ಆಳು. ಸಾಬರ ದನಿ ಕೇಳಿದೊಡನೆ ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದನಂತೆ. ಕೊಡಲು ಏನೂ ಇರಲಿಲ್ಲ. ಅವನನ್ನೂ ಹೆಂಡತಿ ದೇವಿರಮ್ಮನನ್ನೂ ಜಟಕಾಕ್ಕೆ ಹತ್ತಿಸಿಕೊಂಡು ಆಸ್ಪತ್ರೆಗೆ ಅಂತ ಲಾಲಿಯನ್ನು ಓಡಿಸಿದರು. ಮದ್ದೂರು ಇನ್ನೂ ಎರಡು ಮೈಲಿ ಇರುವಾಗ ಜಟಕಾದಲ್ಲೇ ಅವನ ಉಸಿರು ನಿಂತಿತು. ಆ ಹೊತ್ತಿಗೆ ಬೀರುವಿನೊಳಗೆ ಮೊಹರು ಮುಕ್ಕಾಗದೆ ಭದ್ರವಾಗಿತ್ತು.

ಕೊನೆಗೂ ಅತಿಥಿಗಳಿಗೆ ಬಿಡುವಾಯಿತು. ಚಿಕ್ಕರಸಿನಕೆರೆಯಲ್ಲಿ ಚಪ್ಪರ, ಬಾಳೆಕಂಬ, ಕುರ್ಚಿಗಳ ಸಾಲು. ಕೊಪ್ಪಲಿನವರನ್ನು ಕರೆಸಿ ನೆಲದ ಮೇಲೆ ಕೂರಿಸಿದರು. ಅತಿಥಿಗಳು ಮೊಹರು ಒಡೆದರು, ಚಪ್ಪಾಳೆಯಾಯಿತು. ಮೊದಲ ಗುಳಿಗೆಗೆ ಯಾರಾದರೂ ಹೆಂಗಸಿದ್ದರೆ ಫೋಟೋಕ್ಕೆ ಚೆನ್ನ ಅಂತ ಕಾರ್ಯದರ್ಶಿಗಳು ಮುಂದಿನ ಸಾಲಿನಿಂದ ಒಬ್ಬಳನ್ನು ಎಬ್ಬಿಸಿದರು. ಅವಳು ದೇವಿರಮ್ಮ. ಯಾರನ್ನು ಎಬ್ಬಿಸಿದೆವೆಂದು ಕೂಟದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಗೊತ್ತಿರುವುದಾದರೂ ಹೇಗೆ?

ಅತಿಥಿಗಳು ಗುಳಿಗೆ ಚಾಚಿದರು. ದೇವಿರಮ್ಮ ಬಾಯಿ ತೆರೆಯಲಿಲ್ಲ.

"ಮೂರು ವಾರದಿಂದ ಈ ಡಬ್ಬ ಎಲ್ಲಿತ್ತು ಸ್ವಾಮಿ?" ಅಂದಳು. ಕೂಗಲಿಲ್ಲ, ಅಳಲಿಲ್ಲ.

ಅತಿಥಿಗಳು ಕಾರ್ಯದರ್ಶಿಗಳ ಮುಖ ನೋಡಿದರು, ಕಾರ್ಯದರ್ಶಿಗಳು ಅಧ್ಯಕ್ಷರ ಮುಖ ನೋಡಿದರು. ಯಾರೋ ಅವಳನ್ನು ಪಕ್ಕಕ್ಕೆ ಕರೆಯಲು ಬಂದರು. ಅವಳು ಅಲ್ಲಾಡಲಿಲ್ಲ. "ನಮ್ ಸಾಬಣ್ಣ ಕೊಟ್ರೆ ನುಂಗ್ತೀನಿ" ಅಂದು ಬೇಲಿಯಾಚೆ ನಿಂತ ಜಟಕಾದ ಕಡೆ ಕೈ ತೋರಿಸಿದಳು. ಗುಳಿಗೆಗೆಂದು ಅವಳ ಹಿಂದೆ ಎದ್ದು ನಿಂತಿದ್ದ ಸಾಲೆಲ್ಲ ಒಬ್ಬೊಬ್ಬರಾಗಿ ಮತ್ತೆ ನೆಲಕ್ಕೆ ಕೂತಿತು.

ಬೇರೆ ದಾರಿ ಇರಲಿಲ್ಲ. ಸಾಬರನ್ನು ಕರೆದರು. ಅವರು ಬಂದರು, ಕೈ ತೊಳೆದರು, ಅತಿಥಿಗಳ ಕೈಯಿಂದ ಡಬ್ಬ ತೆಗೆದುಕೊಂಡರು. ದೇವಿರಮ್ಮ ನುಂಗಿ, ಅಷ್ಟು ಜನರೆದುರು, ದೊಡ್ಡವರ ಕುರ್ಚಿಗಳ ಮುಂದೆಯೇ ಲಾಲೀ ಅಂತ ಕರೆದಳು. ಬೇಲಿಯಾಚೆ ಕುದುರೆ ತಲೆ ತಿರುಗಿಸಿತು. ಆಮೇಲೆ ಇಡೀ ಸಾಲು, ಒಬ್ಬರಾದ ಮೇಲೊಬ್ಬರು. ಅದೇನೆಂದು ಅತಿಥಿಗಳು ಕೇಳಿದರೆ, ಏನಿಲ್ಲ ಸ್ವಾಮಿ, ಹಳ್ಳಿಯವರ ಅಭ್ಯಾಸ ಅಂತ ಕಾರ್ಯದರ್ಶಿಗಳು ನಕ್ಕು ತೇಲಿಸಿದರು. ಅತಿಥಿಗಳ ಒಂದು ಗಂಟೆಯ ಭಾಷಣವೂ ತಪ್ಪಲಿಲ್ಲ. ಅತಿಥಿಗಳು ಸ್ವಹಸ್ತದಿಂದ ಔಷಧ ಹಂಚಿದರೆಂದು ಮರುದಿನ ಪತ್ರಿಕೆಗೆ ವರದಿ ಹೋಯಿತು. ನಾಚಿಕೆಗೆ ಇವರ ಮನೆ ಬಾಗಿಲು ಗೊತ್ತಿಲ್ಲ.

ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳು ಡಬ್ಬಕ್ಕೆ ಕೈ ಚಾಚಿದರು. ಅದು ಆಗಲೇ ಜಟಕಾದ ಸೀಟಿನಡಿ ಸೇರಿತ್ತು. "ಮೊಹರು ಒಡ್ದೋಯ್ತಲ್ಲ ಸ್ವಾಮಿ, ಇನ್ನು ಬೀಗ ಯಾಕೆ?" ಅಂದರು ಸಾಬರು, ಲಗಾಮು ಎಳೆದರು. ಎರಡು ವರ್ಷದಲ್ಲಿ ಅವರು ಕೂಟದವರಿಗೆ ಎದುರಾಡಿದ್ದು ಅದೊಂದೇ ಮಾತು. ಅಂದಿನಿಂದ ಡಬ್ಬ ಅವರ ಬಳಿಯೇ ಇದೆ. ಕೇಳುವ ಮುಖ ಇದ್ದವರು ಇನ್ನೂ ಯಾರೂ ಬಂದಿಲ್ಲ.

ಈಗ ಬಿಸಿಲು ಏರಿದೆ. ಕೊಪ್ಪಲಿನ ಕೊನೆಯ ಮನೆ ಅಂಕಯ್ಯನದು. ದೇವಿರಮ್ಮ ಮಗಳನ್ನು ಕರೆದುಕೊಂಡು ಜಗಲಿಯ ಮೇಲೆ ಬಂದು ಕೂರುತ್ತಾಳೆ. ಸಾಬರು ಅಂಗೈಗೆ ಗುಳಿಗೆ ಎಣಿಸುತ್ತಾರೆ, ದೇವಿರಮ್ಮನಿಗೆ ಎರಡು, ಮಗುವಿಗೆ ಅರ್ಧ, ಹಳೆಯ ರೂಢಿಯಂತೆ ಮತ್ತೆ ಎರಡು. ಒಂದು ಗಳಿಗೆ ಕೈ ನಿಲ್ಲುತ್ತದೆ. ಕೊನೆಯ ಎರಡನ್ನು ಹೆಬ್ಬೆರಳಿನಿಂದ ಮೆಲ್ಲಗೆ ಡಬ್ಬದೊಳಕ್ಕೆ ತಳ್ಳುತ್ತಾರೆ. ಮಗು ನುಂಗಿ ಲಾಲಿಯನ್ನು ಕರೆಯುತ್ತದೆ, ಬೆಲ್ಲಕ್ಕೆ ಕೈ ಚಾಚುತ್ತದೆ.

ಪತ್ರಿಕೆಗೆ ನಿಮ್ಮ ವಿಷಯ ಬರೆಯುತ್ತೇವೆ, ಏನಾದರೂ ಹೇಳುವುದಿದೆಯೇ ಅಂತ ಜೊತೆಗೆ ಬಂದ ನಾವು ಕೇಳಿದರೆ ಸಾಬರು ಡಬ್ಬವನ್ನು ಸೀಟಿನಡಿ ತಳ್ಳಿ ಲಗಾಮು ಹಿಡಿಯುತ್ತಾರೆ.

"ನನ್ ಎಸ್ರು ಬುಡಿ ಸ್ವಾಮಿ, ಅಂಕಯ್ಯನ ಎಸ್ರು ಬರೀರಿ. ಎರಡು ವರ್ಸದಲ್ಲಿ ಒಂದ್ ಗುಳಿಗೇನೂ ಉಗುಳ್ದೋನಲ್ಲ ಅವ್ನು."