ಪೋಲಿಯೊ ಹನಿ ಹಾಕದೆ ತಾಯಂದಿರನ್ನು ಕಳಿಸಿದ ದಿನ

1982ರ ಬೇಸಿಗೆ. ನಾನು ನರ್ಸ್ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಆಸ್ಪತ್ರೆ. ಡಾಕ್ಟರು, ಕಂಪೌಂಡರ್, ಹಿರಿಯ ನರ್ಸ್ ನೀಲಮ್ಮ ಸಿಸ್ಟರ್ ಮತ್ತು ನಾನು. ಇಷ್ಟೇ ಸಿಬ್ಬಂದಿ.

ಒಂದು ಸಂಜೆ ಎದ್ದ ಬಿರುಗಾಳಿಗೆ ಕರೆಂಟಿನ ಕಂಬಗಳು ಉರುಳಿಬಿದ್ದವು. ದಿನಗಟ್ಟಲೆ ಕರೆಂಟ್ ಇರಲಿಲ್ಲ. ಆಸ್ಪತ್ರೆಯ ಫ್ರಿಜ್ಜಿನಲ್ಲಿದ್ದ ಪೋಲಿಯೊ ಹನಿಯ ಸೀಸೆಗಳು ಪೂರ್ತಿ ಬೆಚ್ಚಗಾದವು. ಕರೆಂಟ್ ಬಂದ ಮೇಲೆ ಮತ್ತೆ ತಣ್ಣಗಾದವು. ನೋಡಿದವರಿಗೆ ಏನೂ ಆಗಿಲ್ಲವೆಂದೇ ಅನ್ನಿಸಬೇಕು. ಆದರೆ ಹಾಗೆ ಬೆಚ್ಚಗಾದ ಹನಿಯಲ್ಲಿ ಶಕ್ತಿ ಉಳಿಯುವುದಿಲ್ಲ ಎಂದು ತರಬೇತಿಯಲ್ಲೇ ನಮಗೆ ಹೇಳಿಕೊಟ್ಟಿದ್ದರು.

ನೀಲಮ್ಮ ಸಿಸ್ಟರ್ ಡಾಕ್ಟರ ಕೋಣೆಗೆ ಹೋಗಿ ಈ ವಿಷಯ ತಿಳಿಸಿದರು. ಅದೇ ವಾರ ಊರ ಶಾಲೆಯಲ್ಲಿ ಲಸಿಕೆ ಶಿಬಿರವಿತ್ತು. ಜಿಲ್ಲೆಯಿಂದ ದೊಡ್ಡ ಅಧಿಕಾರಿ ಬರುವವರಿದ್ದರು. ಹೊಸ ಔಷಧ ಈಗ ಎಲ್ಲಿಂದ ತರುವುದು, ಶಿಬಿರ ನಿಂತರೆ ತಮ್ಮ ತಲೆಗೆ ಬರುತ್ತದೆ, ಹಾಕಿದರೆ ಮಕ್ಕಳಿಗೆ ಅಪಾಯವೇನೂ ಇಲ್ಲವಲ್ಲ ಎಂದರಂತೆ ಡಾಕ್ಟರು. ಮರುದಿನ ಸಿಸ್ಟರ್ ಮತ್ತೊಮ್ಮೆ ಹೋಗಿ ಹೇಳಿದರು. ಅದೇ ಉತ್ತರ ಬಂತು.

ಶಿಬಿರದ ದಿನ ತಾಯಂದಿರು ಹೊಲದ ಕೆಲಸ ಬಿಟ್ಟು ಕೂಸುಗಳನ್ನು ಎತ್ತಿಕೊಂಡು ಬಂದರು. ಅಧಿಕಾರಿಯೂ ಬಂದು ಕುಳಿತರು. ಮೊದಲ ಕೂಸಿನ ಬಾಯಿ ತೆರೆಸಿದ್ದಾಗಿತ್ತು. ಸಿಸ್ಟರ್ ಸೀಸೆಯನ್ನು ಮೇಜಿನ ಮೇಲಿಟ್ಟು ಅಧಿಕಾರಿಯ ಕಡೆ ತಿರುಗಿದರು.

"ಸಾಹೇಬ್ರ, ಈ ಔಷಧ ಕೆಟ್ಟೈತ್ರಿ. ಕರೆಂಟ್ ಇಲ್ದಾಗ ಬೆಚ್ಚಗಾಗಿತ್ತು. ಇದನ್ನ ಹಾಕಿದ್ರ ಕೂಸಿಗೆ ಏನೂ ಉಪಯೋಗಿಲ್ರಿ."

ಡಾಕ್ಟರ ಮುಖ ಕಪ್ಪಿಟ್ಟಿತು. ಸಿಸ್ಟರಿಗೆ ಮೈ ಸರಿಯಿಲ್ಲ, ಏನೋ ಮಾತಾಡುತ್ತಿದ್ದಾರೆ ಎಂದರು. ಅಧಿಕಾರಿ ನನ್ನ ಕಡೆ ನೋಡಿ, "ನೀವೇನಂತೀರಿ?" ಎಂದು ಕೇಳಿದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

"ಖರೇ ಐತ್ರಿ" ಎಂದೆ. ಅಷ್ಟೇ ಬಾಯಿಂದ ಹೊರಟಿದ್ದು.

ಶಿಬಿರ ನಿಂತಿತು. ದಿನ ಹಾಳಾಯಿತೆಂದು ತಾಯಂದಿರು ನಮ್ಮಿಬ್ಬರನ್ನೇ ಬೈಯುತ್ತ ಹೋದರು. ಡಾಕ್ಟರು ರಜೆ ಕೊಟ್ಟಿರಲಿಲ್ಲ, ಅದಕ್ಕೇ ಸಿಸ್ಟರ್ ಸೇಡು ತೀರಿಸಿಕೊಂಡರು ಎಂದು ಊರಲ್ಲಿ ಗುಸುಗುಸು ಹಬ್ಬಿತು. ಇದ್ದರೂ ಇರಬಹುದೇ ಎಂದು ನನಗೂ ಕುತೂಹಲ. ಒಂದು ದಿನ ಕೇಳಿಯೇಬಿಟ್ಟೆ. ಅವರು ಹೇಳಿದ್ದು ಕೇಳಿ ದಂಗಾದೆ. ಹಿಂದೊಮ್ಮೆ ಅವರ ಗಂಡನಿಗೆ ಹಾವು ಕಚ್ಚಿದಾಗ, ಪಕ್ಕದಿಂದ ಏಳದೆ ಕುಳಿತು ಜೀವ ಉಳಿಸಿದ್ದವರು ಇದೇ ಡಾಕ್ಟರು.

"ಮತ್ತ ಅಂಥವರ ಮುಂದನ, ಎಲ್ಲಾರ ಎದುರಿಗೆ ಹೆಂಗ ಹೇಳಿದ್ರಿ ಅಕ್ಕಾ?"

ಅವರು ಹೇಳಿದರು: "ಅವ್ರು ಭಾಳ ಛಲೋ ಮನುಷ್ಯಾ ಅದಾರ. ಅದಕ್ಕ ಮೊದ್ಲು ಅವ್ರಿಗೇ ಹೇಳಿದ್ನೆವ್ವಾ. ಕೇಳಲಿಲ್ಲ. ಆ ಅವ್ವಂದ್ರು ಹನಿ ಹಾಕಿಸೀವಿ ಅಂತ ನಂಬಿ ಮನಿಗೆ ಹೋಗತಿದ್ರು. ಅದನ್ನ ನೋಡಕೋತ ನಿಂದ್ರಾಕ ನನಗ ಆಗಲಿಲ್ಲ."

ಮುಂದಿನ ತಿಂಗಳು ಐಸ್ ತುಂಬಿದ ಡಬ್ಬಿಯಲ್ಲಿ ಹೊಸ ಔಷಧ ಬಂತು. ಬೈದು ಹೋಗಿದ್ದ ತಾಯಂದಿರೇ ಬಂದು ಕೂಸುಗಳಿಗೆ ಹನಿ ಹಾಕಿಸಿದರು. ಅದರ ಬೆನ್ನಿಗೇ ಸಿಸ್ಟರಿಗೆ ಆನೆಗೊಂದಿ ಕಡೆಯ ಹಳ್ಳಿಯೊಂದಕ್ಕೆ ವರ್ಗವಾಯಿತು. ಕಾರಣ ಯಾರೂ ಹೇಳಲಿಲ್ಲ. ನನ್ನನ್ನು ಮಾತ್ರ ಯಾಕೋ ಅಲ್ಲೇ ಉಳಿಸಿದರು.

ಅವರು ಹೊರಟ ದಿನ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಬಸ್ಸು ಬಂದು ನಿಂತಾಗ ನೋಡಿದರೆ ಡಾಕ್ಟರು ನಡೆದು ಬರುತ್ತಿದ್ದರು. ಅವರು ಸಿಸ್ಟರ ಟ್ರಂಕನ್ನು ತಾವೇ ಎತ್ತಿ ಬಸ್ಸಿನೊಳಗಿಟ್ಟರು. ಸಿಸ್ಟರ್ ಹತ್ತಿ ಕುಳಿತ ಮೇಲೆ ಕಿಟಕಿಯ ಹತ್ತಿರ ಬಂದು, "ಗಂಗಾವತಿಯೊಳಗ ಬಸ್ ಬದಲ್ ಮಾಡಬೇಕಾಗತೈತಿ, ಸಿಸ್ಟರ್. ಸಾವಕಾಶ ಇಳೀರಿ" ಎಂದರು. ಸಿಸ್ಟರ್ ಕೈಮುಗಿದರು. ಬಸ್ಸು ಹೊರಟುಹೋಯಿತು.

ಆಮೇಲೆ ಹಲವು ವರ್ಷ ಅದೇ ಡಾಕ್ಟರ ಕೈಕೆಳಗೆ ದುಡಿದೆ. ಆ ದಿನದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ, ನಾನೂ ಕೇಳಲಿಲ್ಲ. ಟ್ರಂಕು ಎತ್ತುವಾಗ ಅವರ ಮನಸ್ಸಿನಲ್ಲಿ ಏನಿತ್ತು ಎಂದು ನಿವೃತ್ತಳಾಗಿ ಕುಳಿತ ಈಗಲೂ ಯೋಚಿಸುತ್ತೇನೆ.